ಹೋದ ಕಿಂಡಿಯಲ್ಲೇ ವಾಪಸು

ಸಾಯೊ ಕಾಜಿತಾನಿ ಕಳೆದ ವರ್ಷ ಮಾರ್ಚಿನಲ್ಲಿ ಕ್ಯೋಟೊದ ಆ ಬಂಡೆಯ ಕಿಂಡಿಯಲ್ಲಿ ಒಂದೇ ಸಲ ತೂರಿದ್ದಳು. ತೂರಬೇಕಾದದ್ದು ಎರಡು ಸಲ. ಆಮೇಲೆ ಆದ ಎಡವಟ್ಟಿಗೆಲ್ಲ ಅದೇ ಕಾರಣ ಎಂಬುದು ಅವಳ ನಂಬಿಕೆ.

ಬಂಡೆ ಅಂದರೆ ಸಣ್ಣ ಕೋಣೆಯಷ್ಟು ದೊಡ್ಡದು. ಜನ ಅಂಟಿಸಿದ ಬಿಳಿ ಚೀಟಿಗಳು ಒಂದರ ಮೇಲೊಂದು ಕೂತು, ಕಲ್ಲೇ ಕಾಣದೆ, ಉಣ್ಣೆ ಕತ್ತರಿಸದ ಕುರಿಯೊಂದು ಮಲಗಿದ ಹಾಗೆ ಇರುತ್ತದೆ. ನಡುವೆ ನೆಲಮಟ್ಟದಲ್ಲಿ ಕಿಂಡಿ. ಯಾವ ನಂಟು ಕಡಿಯಬೇಕೋ ಅದನ್ನು ಚೀಟಿಯಲ್ಲಿ ಬರೆದು, ಕೈಯಲ್ಲಿ ಹಿಡಿದು, ಮುಂದಿನಿಂದ ಹಿಂದಕ್ಕೆ ತೆವಳಿದರೆ ಕೆಟ್ಟ ನಂಟು ಕಡಿಯುತ್ತದೆ. ಅದೇ ಕಿಂಡಿಯಲ್ಲಿ ಹಿಂದಿನಿಂದ ಮುಂದಕ್ಕೆ ತೆವಳಿ ಬಂದರೆ ಒಳ್ಳೆಯ ನಂಟು ಕೂಡುತ್ತದೆ. ಕಡಿದವರು ಕೂಡಿಸಿಕೊಂಡೇ ಮನೆಗೆ ಹೋಗಬೇಕು. ಸಾಯೊಗೂ ಇದು ಗೊತ್ತಿತ್ತು. ಆದರೆ ಅವತ್ತಿನ ಸಿಟ್ಟಿನಲ್ಲಿ ಅವಳು ಹಿಂಭಾಗದಲ್ಲಿ ಎದ್ದು ನಿಂತವಳೇ ಅಲ್ಲೇ ಚೀಟಿ ಅಂಟಿಸಿ, ಮೊಣಕಾಲಿನ ಧೂಳು ಕೊಡವಿಕೊಂಡು ಬಸ್ಸು ಹತ್ತಿಬಿಟ್ಟಿದ್ದಳು.

ಚೀಟಿಯಲ್ಲಿ ಬರೆದದ್ದು: ‘ರೆಂಜಿಗೂ ಆ ಹುಡುಗಿಗೂ ಇರುವ ನಂಟು ಕಡಿಯಲಿ.’

ರೆಂಜಿ ಅವಳ ತಮ್ಮ. ಅಮ್ಮ ತೀರಿಕೊಂಡಾಗ ಅವನಿಗೆ ಹನ್ನೊಂದು, ಇವಳಿಗೆ ಹದಿನೆಂಟು. ಅಪ್ಪ ಸರಕು ಹಡಗಿನವನು, ವರ್ಷಕ್ಕೆರಡು ಸಲ ಮುಖ ತೋರಿಸುತ್ತಿದ್ದ. ಹಾಗಾಗಿ ಟೊಯೊಹಾಶಿಯ ಆ ಮನೆಯಲ್ಲಿ ರೆಂಜಿಯನ್ನು ಬೆಳೆಸಿದ್ದು ಸಾಯೊನೇ. ಅವಳ ಕೆಲಸ ಶಾಲೆಯ ಊಟದ ಅಡುಗೆಮನೆಯಲ್ಲಿ, ದಿನಕ್ಕೆ ಆರುನೂರು ಮಕ್ಕಳಿಗೆ ಸಾರು, ಅನ್ನ, ಮೀನು. ಮಾರ್ಚ್ ಕೊನೆಗೆ ಮಕ್ಕಳಿಗೆ ರಜೆ ಬಿದ್ದರೆ ಅವಳ ಕಡಾಯಿಗಳಿಗೂ ರಜೆ. ಆ ರಜೆಯಲ್ಲಿ ಅಕ್ಕ ತಮ್ಮ ಇಬ್ಬರೂ ಹೊರಡುತ್ತಿದ್ದರು, ಒಂದು ವರ್ಷವೂ ತಪ್ಪದೆ. ಕಳೆದ ವರ್ಷ ಮಾತ್ರ ಹೊರಡುವ ಹಿಂದಿನ ದಿನ ರೆಂಜಿ ಬಾಗಿಲಿಗೆ ಒರಗಿ ನಿಂತು, "ಅಕ್ಕ, ಫುಕಿ ಅಪ್ಪನ್ನ ನೋಡೋಕೆ ಮಾರುಗಾಮೆಗೆ ಹೋಗ್ಬೇಕು. ಈ ಸಲ ನೀನೊಬ್ಳೇ ಹೋಗ್ಬಾ" ಅಂದ. ಫುಕಿ ಅವನಿಗೆ ಗೊತ್ತಾದ ಹುಡುಗಿ. ಹೋಗ್ಬಾ ಅಂದರೆ ಹೋಗಿಬಿಡಬೇಕು ಅನ್ನುವ ಹಟದಲ್ಲಿ ಅವಳು ಜೀವನದಲ್ಲಿ ಮೊದಲ ಸಲ ಒಬ್ಬಳೇ ಹೊರಟಳು, ಹೋದವಳು ಬಂಡೆಯಲ್ಲಿ ತೂರಿದಳು.

ಬಂಡೆ ಕೆಲಸ ಮಾಡಿತು. ಜುಲೈನಲ್ಲಿ ಫುಕಿ ಮದುವೆ ಬೇಡ ಅಂದು, ಟೊಯೊಹಾಶಿಯ ಸಮವಸ್ತ್ರದ ಅಂಗಡಿಯ ಕೆಲಸವನ್ನೂ ಬಿಟ್ಟು, ತನ್ನ ಊರಿಗೆ ಹೋಗಿಬಿಟ್ಟಳು. ರೆಂಜಿ ಅಳಲಿಲ್ಲ, ಕುಡಿಯಲಿಲ್ಲ. ಸುಮ್ಮನಾದ. ಮನೆಯಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತಿದ್ದದ್ದು ಬಾಗಿಲಲ್ಲಿ ಬಿಟ್ಟ ಬೂಟು ನೋಡಿ. ಎಂಟು ತಿಂಗಳು ಆ ಬೂಟು ನೋಡಿ ನೋಡಿ ಸಾಯೊಗೆ ಸಾಕಾಯಿತು. ಅರ್ಧ ಬಿಟ್ಟು ಬಂದ ಕೆಲಸ ಮುಗಿಸಿ ಬರಬೇಕು, ವಾಪಸು ತೂರಬೇಕು ಅಂತ ಈ ಮಾರ್ಚಿನಲ್ಲಿ ಮತ್ತೆ ಬ್ಯಾಗು ತುಂಬಿದಳು.

"ನಾನೂ ಬರ್ತೀನಕ್ಕ, ಮೊದಲಿನ ಥರ" ಅಂದ ರೆಂಜಿ.

"ಈ ಸಲ ಬೇಡ ಕಣೋ."

"ಯಾಕೆ?"

"ಒಬ್ಳೇ ಹೋಗಿ ಅಭ್ಯಾಸ ಆಗೋಗಿದೆ" ಅಂದಳು. ಒಂದೇ ಸಲ ಹೋದದ್ದಕ್ಕೆ ಎಂಥ ಅಭ್ಯಾಸ!

*

ಮೊದಲ ನಿಲ್ದಾಣ ನಗೋಯಾ, ಕಳೆದ ಸಲದ ಹಾಗೆಯೇ. ಅದೇ ಕಾಫಿ ಅಂಗಡಿ, ಗಲ್ಲಾಪೆಟ್ಟಿಗೆಯ ಎದುರಿನ ಅದೇ ಕುರ್ಚಿ. ಕಾಫಿಯ ಜೊತೆ ಬಂದ ಮೊಟ್ಟೆ ಸುಲಿಯುತ್ತಿದ್ದಾಗ ಅಂಗಡಿಯ ಯಜಮಾನ ಕಪ್ಪು ಒರೆಸುತ್ತಾ ಇವಳ ಕೈಯನ್ನೇ ನೋಡುತ್ತಿದ್ದ.

"ಹೋದ ವರ್ಷಾನೂ ಇಲ್ಲೇ ಕೂತಿದ್ರಿ, ಅಲ್ವಾ?"

"ಅಯ್ಯೋ, ಮುಖ ನೆನಪಿದ್ಯಾ?"

"ಮುಖ ಇಲ್ಲ. ಮೊಟ್ಟೆ ಒಡೆದ ರೀತಿ ನೆನಪಿದೆ. ಗಟ್ಟಿ ಮರ, ಅದಕ್ಕೇ ಟೇಬಲ್ ಉಳ್ಕೊಳ್ತು." ಅವನು ಕಪ್ಪು ಬೆಳಕಿಗೆ ಹಿಡಿದು ನೋಡಿದ. "ಈ ಸಲ ಪರ್ವಾಗಿಲ್ಲ, ಮೆತ್ತಗೆ ಸುಲೀತಿದ್ದೀರಿ. ಒಬ್ರೇನಾ?"

"ಒಬ್ಳೇ."

ಕಳೆದ ವರ್ಷ ಇದೇ ಪ್ರಶ್ನೆಗೆ ಇದೇ ಉತ್ತರ ಕೊಡುವಾಗ ಕಿವಿ ಬಿಸಿಯಾಗಿತ್ತು. ಈಗ ಆಗಲಿಲ್ಲ. ನಿಜ ಹೇಳಬೇಕೆಂದರೆ ಕಳೆದ ವರ್ಷ ಬಂಡೆ ದಾಟಿದ ಮೇಲಿನ ನಾಲ್ಕು ದಿನ ಅವಳಿಗೆ ಬಹಳ ಚೆನ್ನಾಗಿತ್ತು. ಓಕಾಯಾಮಾದ ನದಿ ದಂಡೆಯಲ್ಲಿ ಮೂರು ಗಂಟೆ ಸುಮ್ಮನೆ ಕೂತಿದ್ದಳು, ಯಾರಿಗೆ ಹಸಿವಾಯಿತು, ಯಾರಿಗೆ ಕಾಲು ನೋಯಿತು ಅಂತ ವಿಚಾರಿಸದೆ. ಅದನ್ನು ನೆನೆದರೆ ಖುಷಿ ಆಗುತ್ತಿತ್ತು, ಖುಷಿ ಆಯಿತಲ್ಲ ಅಂತ ನಾಚಿಕೆಯೂ ಆಗುತ್ತಿತ್ತು. ತಮ್ಮನ ಮದುವೆ ಮುರಿಯೋಕೆ ಹರಕೆ ಹೊತ್ತವಳು ನದಿ ನೋಡಿ ಖುಷಿಪಟ್ಟಳಂತೆ!

*

ಕ್ಯೋಟೊದಲ್ಲಿ ಸರದಿ ಉದ್ದವಿತ್ತು. ಸಾಯೊಳ ಹಿಂದೆ ಒಸಾಕಾದ ಒಬ್ಬ ಹೆಂಗಸು, ಅರವತ್ತರ ಮೇಲಿನವಳು, ಹುಲಿಮುಖದ ಅಂಗಿ ತೊಟ್ಟಿದ್ದಳು. ಸರದಿಯಲ್ಲಿ ನಿಂತವರ ಚೀಟಿಗಳಲ್ಲಿ ಏನಿದೆ ಅಂತ ಕತ್ತು ಚಾಚಿ ಓದುವುದರಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

"ಏ ತಂಗಿ, ಮುಂದ ಹೋಗ. ನಿಂತಲ್ಲೇ ಬೇರ ಬಿಟ್ಟಿ ಏನ?"

ಸಾಯೊ ಒಂದು ಹೆಜ್ಜೆ ಸರಿದಳು. ಕೈಯಲ್ಲಿದ್ದ ಚೀಟಿ ಖಾಲಿ ಇತ್ತು. ಅಲ್ಲಿಗೆ ಬಂದು ನಿಂತ ಮೇಲೆ ಅವಳಿಗೆ ಹೊಳೆದ ಸಮಸ್ಯೆ ಇದು: ಹಿಂದಿನಿಂದ ಮುಂದಕ್ಕೆ ಬರಬೇಕಾದರೆ ಮೊದಲು ಮುಂದಿನಿಂದ ಹಿಂದಕ್ಕೆ ಹೋಗಬೇಕು. ಅಂದರೆ ಮತ್ತೆ ಏನನ್ನಾದರೂ ಕಡಿಯಬೇಕು. ಏನನ್ನು?

"ಯಾರ್ನ ಕಡಿಯಾಕ ಬಂದಿ?" ಹೆಂಗಸು ಕೇಳಿಯೇಬಿಟ್ಟಳು. "ನಾ ನಮ್ಮ ಮನಿಯವರ ಪಾಚಿಂಕೊ ಜೂಜಿನ ಚಟ ಕಡಿಯಾಕ ಬಂದೇನಿ. ಇದು ಐದನೇ ವರ್ಷ. ಈ ದೇವರಿಗೂ ಆ ಆಟದ ಚಟ ಐತೋ ಏನೋ, ಯಾರಿಗ್ಗೊತ್ತ!"

"ನಂದು ಕಡಿಯೋದಲ್ಲ ಅಮ್ಮ, ಕೂಡ್ಸೋದು. ಹೋದ ವರ್ಷ ತೂರಿ ಹೋದೆ, ವಾಪಸ್ ತೂರ್ಲಿಲ್ಲ."

ಹೆಂಗಸು ಹಣೆ ಚಚ್ಚಿಕೊಂಡಳು. "ಅಯ್ಯ ದೇವರ! ಹೋದಾಕಿ ಹೋಗೇ ಬಿಟ್ಟಿ? ವರ್ಷಪೂರ್ತಿ ಆ ಕಡೇನ ನಿಂತಂಗಾತಲ್ಲ. ಏನರ ಕೆಟ್ಟಾತ?"

"ಕೆಟ್ಟಿತು. ತಮ್ಮನ ಮದುವೆ ನಿಂತೋಯ್ತು. ನಾನೇ ಬರ್ದಿದ್ದೆ."

ಸರದಿಯಲ್ಲಿ ಮುಂದಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿ, ಮತ್ತೆ ಮುಂದಕ್ಕೆ ನೋಡಿದರು. ಯಾರಿಗೂ ಹೇಳದ್ದು ಅಪರಿಚಿತ ಹುಲಿಯಂಗಿಯವಳ ಮುಂದೆ ಬಾಯಿಂದ ಬಿದ್ದುಹೋಗಿತ್ತು. ಸಾಯೊ ಅವಸರದಲ್ಲಿ ಚೀಟಿಯ ಮೇಲೆ ಬರೆದಳು: ‘ಕಳೆದ ವರ್ಷದ ನನ್ನ ಚೀಟಿ ಕಡಿಯಲಿ. ರೆಂಜಿ ಮತ್ತು ಫುಕಿ ಕೂಡಲಿ.’

"ಚೀಟಿ ಕಡಿಯಾಕೊಂದು ಚೀಟಿ!" ಹೆಂಗಸು ಬಿದ್ದು ಬಿದ್ದು ನಕ್ಕಳು. "ತಲಿ ಐತಿ ನಿನಗ. ಹೋಗ, ನಿನ್ನ ಪಾಳಿ ಬಂತು. ತಲಿ ತಗ್ಗಿಸು, ಇಲ್ಲಂದ್ರ ಕಲ್ಲು ಬಡಿತೈತಿ."

ಸಾಯೊ ತೂರಿದಳು. ಚೀಟಿಗಳು ಬೆನ್ನಿಗೆ ತಾಗಿ ಒಣ ಎಲೆಗಳ ಹಾಗೆ ಸದ್ದು ಮಾಡಿದವು. ಆ ಕಡೆ ಎದ್ದು, ಉಸಿರು ತೆಗೆದುಕೊಂಡು, ಮತ್ತೆ ಮಂಡಿಯೂರಿ ವಾಪಸು ತೂರಿದಳು. ಮುಂದೆ ತಲೆ ಹೊರಬಂದಾಗ ಹೆಂಗಸು ಚಪ್ಪಾಳೆ ತಟ್ಟುತ್ತಿದ್ದಳು, ಮಗು ಹುಟ್ಟಿತೇನೋ ಎಂಬಂತೆ.

ಹೊರಗೆ ಬೀದಿಯಲ್ಲಿ ನಿಂತು ಸಾಯೊ ತಮ್ಮನಿಗೆ ಫೋನ್ ಮಾಡಿದಳು. ಏನೋ ಬದಲಾಗಿರಬಹುದು ಅನ್ನುವ ಆಸೆ.

"ಅಕ್ಕ, ಸಾರಿನ ಪುಡಿ ಎಲ್ಲಿಟ್ಟಿದ್ದೀಯ?"

"ಎಡಗಡೆ ಕಪಾಟು. ಮತ್ತೆ?"

"ಮತ್ತೇನಿಲ್ಲ."

ಫೋನ್ ಒಳಗಿಟ್ಟು ತಿರುಗಿದರೆ ಪಕ್ಕದಲ್ಲೇ ಆ ಹೆಂಗಸು ಎರಡು ಲೋಟ ಬಿಸಿ ಅಮಾಝಾಕೆ ಹಿಡಿದು ನಿಂತಿದ್ದಳು. ಸಿಹಿ ಅಕ್ಕಿಗಂಜಿಯ ಹಬೆ ಇಬ್ಬರ ಮುಖಕ್ಕೂ ಬಡಿಯುತ್ತಿತ್ತು.

"ಕುಡಿ. ನಡು ಹಿಡಿದಿರ್ತೈತಿ." ಅವಳು ಊದಿ ಊದಿ ಒಂದು ಗುಟುಕು ಕುಡಿದಳು. "ಕಲ್ಲಿಗೇನೋ ಹೇಳಿದಿ, ಛಲೋ ಆತು. ಆ ಹುಡುಗಿಗೆ ಹೇಳಿಯೇನ?"

"ಅವಳಿಗೆ ಹೇಗೆ ಹೇಳೋದು ಅಮ್ಮ?"

"ಬಾಯಿಲೆ."

ಅಷ್ಟೇ ಅಂದಳು. ಲೋಟ ವಾಪಸು ಕೊಟ್ಟು, ಐದು ವರ್ಷದ ಹರಕೆಯವಳು ತನ್ನ ಬಸ್ಸಿಗೆ ಹೊರಟುಹೋದಳು.

*

ಮಾರುಗಾಮೆಯ ವಿಳಾಸ ಸಾಯೊಳ ಹತ್ತಿರ ಇತ್ತು. ಮದುವೆ ಗೊತ್ತಾದ ವರ್ಷ ಫುಕಿ ಹೊಸವರ್ಷದ ಕಾರ್ಡಿನಲ್ಲಿ ತವರಿನ ವಿಳಾಸವನ್ನೂ ಬರೆದು, ಕೆಳಗೆ ‘ಅಕ್ಕ, ಬೀಸಣಿಗೆ ಮಾಡೋದು ನೋಡೋಕೆ ಬನ್ನಿ’ ಅಂತ ಸೇರಿಸಿದ್ದಳು. ಸಾಯೊ ಆ ವಿಳಾಸವನ್ನು ಫೋನಿಗೆ ಬರೆದುಕೊಂಡದ್ದು ಕಾರ್ಡು ಕಳಿಸುವ ಮರ್ಯಾದೆಗೆ. ಹೋಗಬೇಕು ಅಂತಲ್ಲ.

ಓಕಾಯಾಮಾದಲ್ಲಿ ರೈಲು ಬದಲಿಸಿ, ಸೇತುವೆಯ ಮೇಲೆ ಸಮುದ್ರ ದಾಟುವಾಗ ಅವಳು ಫುಕಿಯ ಮುಂದೆ ಆಡಬೇಕಾದ ಮಾತನ್ನು ಬಾಯಲ್ಲೇ ಜೋಡಿಸುತ್ತಿದ್ದಳು. ಕೆಳಗೆ ದ್ವೀಪಗಳು, ದೋಣಿಗಳು, ಬಿಸಿಲು. ಮಡಿಲಲ್ಲಿ ಕ್ಯೋಟೊದ ಸಿಹಿಯ ಪೊಟ್ಟಣ. ಬರಿಗೈಯಲ್ಲಿ ಹೋಗುವ ಹಾಗಿಲ್ಲವಲ್ಲ, ತಪ್ಪು ಒಪ್ಪಿಕೊಳ್ಳೋಕೆ ಹೋದರೂ.

ಫುಕಿಯ ಚಿಕ್ಕಪ್ಪನ ಬೀಸಣಿಗೆ ಕಾರ್ಖಾನೆ ಅಂದರೆ ಮನೆಯ ಮುಂದಿನ ಜಗಲಿಯೇ. ಬಿದಿರಿನ ಕಡ್ಡಿಗಳ ಕಂತೆ, ಗಂಜಿಯ ಬಟ್ಟಲು, ಅಗಲ ಬ್ರಶ್ಶು. ಫುಕಿ ನೆಲದ ಮೇಲೆ ಕೂತು ಬಿಡಿಸಿದ ಕಡ್ಡಿಗಳಿಗೆ ಕಾಗದ ಅಂಟಿಸುತ್ತಿದ್ದಳು. ಸಾಯೊಳನ್ನು ನೋಡಿ ಬ್ರಶ್ಶು ಒಂದು ಕ್ಷಣ ನಿಂತಿತು, ಮತ್ತೆ ಓಡಿತು.

"ಕಾಜಿತಾನಿ ಅವರು" ಅಂದಳು. ಅಕ್ಕ ಅನ್ನಲಿಲ್ಲ. "ಕೂತ್ಕೊಳ್ಳಿ. ಅಂಟು ಒಣಗ್ಹೋಗತ್ತೆ, ಕೆಲ್ಸ ಮಾಡ್ತಾನೇ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ."

ಸಾಯೊ ಕೂರಲಿಲ್ಲ. ಜಗಲಿಯ ಅಂಚಿನಲ್ಲಿ ಮಂಡಿಯೂರಿ, ಹಣೆ ಮರಕ್ಕೆ ತಾಗುವಷ್ಟು ಬಗ್ಗಿ, ಎಲ್ಲ ಹೇಳಿದಳು. ಬಂಡೆ, ಚೀಟಿ, ‘ಆ ಹುಡುಗಿ’ ಅಂತ ಹೆಸರೂ ಬರೆಯದೆ ಹೋದದ್ದು, ವಾಪಸು ತೂರದೆ ಬಂದದ್ದು, ಎಲ್ಲ. ಒಳಗೆ ರೇಡಿಯೋ ಕೇಳುತ್ತಿದ್ದ ಚಿಕ್ಕಪ್ಪ ಸದ್ದು ಸಣ್ಣ ಮಾಡಿದ.

ಮೊದಲು ಒಂದು ಪುಸ್ಸ್ ಅನ್ನುವ ಸದ್ದು ಕೇಳಿತು. ಸಾಯೊ ತಲೆ ಎತ್ತಿದರೆ ಫುಕಿ ನಗು ತಡೆಯಲಾರದೆ ಭುಜ ಕುಲುಕಿಸುತ್ತಿದ್ದಳು. ಕೈಯಲ್ಲಿದ್ದ ಕಾಗದ ಸೊಟ್ಟಗೆ ಅಂಟಿಹೋಯಿತು.

"ಕಲ್ಲಾ? ಕಲ್ಲಿನಿಂದ ಮುರೀತು ಅಂದ್ಕೊಂಡ್ರಾ ಇಷ್ಟು ದಿನ? ಚಿಕ್ಕಪ್ಪಾ, ಕೇಳಿಸ್ತಾ?"

"ಕೇಳಿಸ್ತು, ಕೇಳಿಸ್ತು. ಬೀಸಣಿಗೆ ಹಾಳ್ಮಾಡ್ದೆ, ಅದೂ ಕಾಣಿಸ್ತು" ಅಂತ ಒಳಗಿಂದ ದನಿ ಬಂತು.

ಫುಕಿ ಸೊಟ್ಟ ಬೀಸಣಿಗೆಯನ್ನು ಪಕ್ಕಕ್ಕಿಟ್ಟಳು. ನಗು ಇಳಿಯಿತು. ಈಗ ಅವಳ ಮುಖದಲ್ಲಿ ದಣಿವು ಕಂಡಿತು.

"ಹೋದ ವರ್ಷ ಮಾರ್ಚಿನಲ್ಲಿ ರೆಂಜಿ ಇಲ್ಲಿಗೆ ಬಂದಿದ್ದ. ನಮ್ಮಪ್ಪ ಕರ್ಕೊಂಡು ಹೋಗಿ ಉದೋನ್ ನೂಡಲ್ಸ್ ತಿನ್ಸಿದ್ರು. ತಿಂತಾ ತಿಂತಾ ಕೇಳಿದ್ರು, 'ಮದುವೆ ಆದ್ಮೇಲೆ ಎರಡ್ಮೂರು ವರ್ಷಕ್ಕೊಂದ್ಸಲ ಆದ್ರೂ ಹೊಸವರ್ಷಕ್ಕೆ ನಮ್ಮೂರಿಗೆ ಬರ್ತೀರಲ್ಲಪ್ಪ?' ಅಂತ. ಅದಕ್ಕೆ ಅವ್ನು ಏನಂದ ಗೊತ್ತಾ?"

ಸಾಯೊಗೆ ಗೊತ್ತಾಗಿಬಿಟ್ಟಿತ್ತು. ಆದರೂ ಕೇಳಿದಳು, "ಏನಂದ?"

"'ಅಕ್ಕನ್ನ ಒಂದು ಮಾತು ಕೇಳಿ ಹೇಳ್ತೀನಿ' ಅಂದ. ನಮ್ಮಪ್ಪ ಆಮೇಲೆ ಮಾತೇ ಆಡ್ಲಿಲ್ಲ, ಸಾರು ಕುಡ್ದು ಎದ್ರು. ಮನೆಗೆ ಕರ್ಟನ್ ಆರ್ಸೋಕೆ ಹೋದ್ರೆ ಫೋಟೋ ತೆಗ್ದು ನಿಮಗೆ ಕಳಿಸ್ತಿದ್ದ. ಮದುವೆ ದಿನ ಯಾವತ್ತಿಡೋಣ ಅಂದ್ರೆ ನಿಮ್ಮ ಶಾಲೆ ಕ್ಯಾಲೆಂಡರ್ ನೋಡ್ತಿದ್ದ. ನೀವು ಕೆಟ್ಟೋರು ಅಂತ ನಾನು ಹೇಳ್ತಿಲ್ಲ. ಕರ್ಟನ್ ಬಣ್ಣ ಚೆನ್ನಾಗೇ ಹೇಳಿದ್ರಿ."

ಸಾಯೊಗೆ ಆ ಕರ್ಟನ್ ನೆನಪಿತ್ತು. ತಿಳಿಹಸಿರು. ಎರಡೇ ನಿಮಿಷದಲ್ಲಿ ಉತ್ತರ ಕಳಿಸಿದ್ದಳು, ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟು.

"ನಾನು ಬೇಡ ಅಂದು ಎಂಟು ತಿಂಗಳಾಯ್ತು" ಅಂದಳು ಫುಕಿ. "ಒಂದ್ಸಲ ಬಂದಿಲ್ಲ ಇಲ್ಲಿಗೆ. ಫೋನ್ ಮಾಡ್ತಾನೆ, 'ನಾನೇನ್ ಮಾಡ್ಲಿ ಹೇಳು' ಅಂತಾನೆ. ಅದನ್ನೂ ನಾನೇ ಹೇಳ್ಬೇಕಾ? ಈಗ ನೋಡಿ, ಕ್ಷಮೆ ಕೇಳೋಕೂ ನೀವೇ ಬಂದಿದ್ದೀರಿ. ನೀವಿಲ್ಲಿರೋದು ಅವನಿಗೆ ಗೊತ್ತಾ?"

"ಇಲ್ಲ."

"ನೋಡಿದ್ರಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಫುಕಿ ಬೈಯಲಿಲ್ಲ. ಇನ್ನೊಂದು ಕಾಗದ ತೆಗೆದು ಗಂಜಿ ಸವರಿದಳು. ಕಲ್ಲಿನ ತಪ್ಪೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಸಾಯೊ ಯೋಚಿಸಿದಳು. ಕಲ್ಲಿನ ತಪ್ಪಿಗೆ ಇನ್ನೊಂದು ಸಲ ತೂರಿದರೆ ಸಾಕು, ನಿನ್ನೆ ತೂರಿ ಆಗಿತ್ತು.

"ಅವನಿಗೆ ನಾನು ಏನಂತ ಹೇಳ್ಲಿ?" ಅಂದವಳು ಆ ಮಾತು ಬಾಯಿಂದ ಹೊರಬಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಫುಕಿ ಬ್ರಶ್ಶನ್ನು ಬಟ್ಟಲಿಗಿಟ್ಟಳು. "ಟೀ ಕುಡೀತೀರಾ?" ಅಂದಳು. ಇಬ್ಬರೂ ಟೀ ಕುಡಿದರು. ಸಿಹಿಯನ್ನು ಚಿಕ್ಕಪ್ಪನೇ ಹೆಚ್ಚು ತಿಂದ.

*

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸಾಯೊ ರೆಂಜಿಗೆ ಫೋನ್ ಮಾಡಿದಳು. ಈ ಸಲ ಬೇರೇನೂ ಕೇಳದೆ, ಚೀಟಿಯಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಹೇಳಿದಳು. ಎಲ್ಲಿಂದ ಮಾತಾಡುತ್ತಿದ್ದೇನೆ ಅಂತಲೂ ಹೇಳಿದಳು.

ಆ ಕಡೆ ಕುರ್ಚಿ ಎಳೆದ ಸದ್ದು.

"ನನ್ ಹೆಸ್ರು ಬರೆದ್ಯಾ?"

"ಬರೆದೆ."

"ನನ್ನ ಬಿಟ್ಟು ಅಲ್ಲಿಗೂ ಹೋಗಿ ಮಾತಾಡ್ಕೊಂಡ್ ಬಂದ್ಯಾ?"

"ಬಂದೆ. ಅದೂ ತಪ್ಪು."

"ಏನಂದ್ಲು?"

ಹೇಳಲು ಬಹಳ ಇತ್ತು. ಎಂಟು ತಿಂಗಳು, ಉದೋನ್, ಅವಳು ಕಾಯುತ್ತಿದ್ದಾಳೋ ಇಲ್ಲವೋ. ಒಂದೊಂದೂ ನಾಲಿಗೆಯ ತುದಿಗೆ ಬಂದು ಕೂತಿತು. "ಅದನ್ನ ನಾನು ಹೇಳಲ್ಲ, ರೆಂಜಿ" ಅಂದಳು.

ಫೋನ್ ಕಟ್ ಆಯಿತು. ಇಪ್ಪತ್ತು ವರ್ಷದಲ್ಲಿ ಅವನು ಅಕ್ಕನ ಮಾತಿನ ನಡುವೆ ಫೋನ್ ಇಟ್ಟದ್ದು ಅದೇ ಮೊದಲು.

ಮನೆಗೆ ವಾಪಸು ಓಡಿಹೋಗಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತು ಕ್ಷಮೆ ಕೇಳಿ, ಅನ್ನಕ್ಕಿಟ್ಟು, ಅವನು ಎದ್ದು ಬರುವ ತನಕ ಕಾಯಬೇಕು. ಟೊಯೊಹಾಶಿ ಕಡೆಗೆ ಹೋಗುವ ರೈಲು ಆ ಪ್ಲಾಟ್‌ಫಾರ್ಮಿಗೆ, ಮಾತ್ಸುಯಾಮಾ ಕಡೆಗೆ ಹೋಗುವುದು ಈ ಪ್ಲಾಟ್‌ಫಾರ್ಮಿಗೆ. ಮೊದಲು ಆ ಕಡೆಯದು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ ಬಂದ ಮಾತ್ಸುಯಾಮಾ ರೈಲಿಗೆ ಎದ್ದು ಹತ್ತಿದಳು.

ದಾರಿಯುದ್ದಕ್ಕೂ ಬಲಗಡೆ ಸಮುದ್ರ. ಮರುದಿನ ಮಾತ್ಸುಯಾಮಾದಲ್ಲಿ ಹಳೆಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಬಿಸಿನೀರಿನಲ್ಲಿ ಕತ್ತಿನ ತನಕ ಮುಳುಗಿ ಕೂತಳು. ಪಕ್ಕದ ಅಜ್ಜಿ, "ಎಲ್ಲಿಂದ ಬಂದ್ಯಮ್ಮ? ಜೊತೇಲಿ ಯಾರೂ ಇಲ್ವಾ?" ಅಂದಾಗ, "ಇಲ್ಲ ಅಜ್ಜಿ, ನಾನೊಬ್ಳೇ" ಅಂದಳು. ಅಜ್ಜಿ "ಪುಣ್ಯವಂತೆ" ಅಂತ ಕಣ್ಣು ಮುಚ್ಚಿಕೊಂಡಳು. ಫೋನ್ ಬಟ್ಟೆಗಳ ಜೊತೆ ಬುಟ್ಟಿಯಲ್ಲಿತ್ತು. ಹೊರಬಂದು ನೋಡಿದರೆ ಏನೂ ಬಂದಿರಲಿಲ್ಲ. ಅವಳೂ ಮಾಡಲಿಲ್ಲ. ಮಾಡದೇ ಇರುವುದು ಆರುನೂರು ಜನರ ಅಡುಗೆಗಿಂತ ಕಷ್ಟವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತು, ಟ್ರಾಮ್ ಕಾಯುತ್ತಾ ಕಿತ್ತಳೆ ಸುಲಿಯುತ್ತಿದ್ದಾಗ ಫೋನ್ ಬಂತು. ಅದರೊಳಗೆ ಗಂಟೆ, ಘೋಷಣೆ, ಜನರ ಕಾಲಿನ ಸದ್ದು.

"ಅಕ್ಕ, ಓಕಾಯಾಮಾದಲ್ಲಿದ್ದೀನಿ."

ಸಾಯೊ ಬಾಯಲ್ಲಿದ್ದ ತೊಳೆ ನುಂಗಿದಳು. "ಹೂಂ."

"ಮಾರುಗಾಮೆಗೆ ಯಾವ ಪ್ಲಾಟ್‌ಫಾರ್ಮು? ಹೋದ್ಸಲ ಫುಕಿ ಜೊತೆ ಇದ್ಲು, ನಾನು ನೋಡ್ಕೊಳ್ಲೇ ಇಲ್ಲ."

ಅವಳಿಗೆ ಗೊತ್ತಿತ್ತು. ಮೆಟ್ಟಿಲಿಳಿದು ಎಷ್ಟು ಹೆಜ್ಜೆ ಅಂತಲೂ ಗೊತ್ತಿತ್ತು.

"ಅಲ್ಲೇ ಯಾರನ್ನಾದ್ರೂ ಕೇಳೋ."

"ನಿಂಗ್ ಗೊತ್ತಿಲ್ವಾ?"

"ಗೊತ್ತಿದೆ. ಹೇಳಲ್ಲ."

"ಹೇಳಿದ್ರೆ ಗಂಟೇನ್ ಹೋಗತ್ತೆ ನಿಂದು?"

"ಹೋಗತ್ತೆ."

ಅವನು ಜೋರಾಗಿ ಉಸಿರು ಬಿಟ್ಟ. "ನಿನ್ ಮೇಲೆ ನಂಗಿನ್ನೂ ಸಿಟ್ಟಿದೆ, ತಿಳ್ಕೊ. ಊರಿಗೆ ಬಾ, ಇದೆ ನಿಂಗೆ."

"ಬರ್ತೀನಿ."

"ಅವ್ಳು ಬಾಗ್ಲು ತೆಗೀದೇ ಇದ್ರೆ?"

"ತೆಗೀದೇ ಇರಬಹುದು" ಅಂದಳು ಸಾಯೊ.

ಆಮೇಲೆ ಅವನ ದನಿ ಸ್ವಲ್ಪ ದೂರದಿಂದ, ಬೇರೆ ಯಾರಿಗೋ ಹೇಳುತ್ತಿರುವುದು ಕೇಳಿಸಿತು: "ಸ್ವಲ್ಪ ಕ್ಷಮಿಸಿ, ಮಾರುಗಾಮೆ ಕಡೆ ರೈಲು..." ಯಾರೋ ಗಂಡಸು ಉತ್ತರ ಕೊಟ್ಟ. "ಅಯ್ಯೋ, ಅದೇನಾ, ಹೊರಟೇ ಹೋಗ್ತಿದೆ!" ಅಂತ ರೆಂಜಿ ಕೂಗಿದ್ದು, ಬ್ಯಾಗು ಯಾವುದಕ್ಕೋ ಬಡಿದದ್ದು, ಬೂಟುಗಳು ದಡದಡ ಓಡಿದ್ದು. ಫೋನ್ ಇಡಲು ಮರೆತಿದ್ದ. ಸಾಯೊ ಆ ಓಟವನ್ನು ಸ್ವಲ್ಪ ಹೊತ್ತು ಕೇಳಿದಳು. ಬಾಗಿಲು ಮುಚ್ಚುವ ಸದ್ದು ಬರುವ ಮೊದಲೇ, ಅವನು ಒಳಗಾದನೋ ಹೊರಗುಳಿದನೋ ತಿಳಿಯುವ ಮೊದಲೇ, ತಾನೇ ಫೋನ್ ಇಟ್ಟಳು.